ಬಚ್ಚಲ ಹಿಂದಿನ ಜೇಕು

ಕಂಡವರ ಮನೆ ಕ್ಲೀನ್ ಮಾಡುವ ಚಟ ನನಗೆ ಯಾವಾಗ ಅಂಟಿಕೊಂಡಿತೋ ಗೊತ್ತಿಲ್ಲ. ಯಾರ ಮನೆಗೆ ಹೋದರೂ ಹತ್ತು ನಿಮಿಷ ಸುಮ್ಮನೆ ಕೂತಿರಲು ನನ್ನಿಂದ ಆಗುವುದಿಲ್ಲ. ಸಿಂಕಿನಲ್ಲಿ ಎರಡು ಲೋಟ ಕಂಡರೆ ತೊಳೆದಿಡುತ್ತೇನೆ, ಫ್ರಿಜ್ಜಿನ ಮೇಲೆ ಧೂಳು ಕಂಡರೆ ಸೆರಗಿನಲ್ಲೇ ಒರೆಸುತ್ತೇನೆ. ಜನ ಮುಖದ ಮುಂದೆ ಹೊಗಳುತ್ತಾರೆ. ಬೆನ್ನ ಹಿಂದೆ ಏನಂತಾರೋ ಕೇಳಲು ಹೋಗಿಲ್ಲ. ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು ನಾನು ಟೆಕ್ನಿಷಿಯನ್ ಆಗಿ. ಅಲ್ಲಿ ಈ ಚಟವನ್ನು ಶಿಸ್ತು ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರ ರಕ್ತದ ಮೇಲೆ ಇನ್ನೊಬ್ಬರ ಹೆಸರು ಅಂಟಿಸಿದವಳು ನಾನಲ್ಲ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ನನ್ನ ಅಕ್ಕನ ಮನೆ ಇರುವುದು ಭದ್ರಾವತಿಯ ಜನ್ನಾಪುರದಲ್ಲಿ. ಭಾವ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ರಿಟೈರ್ ಆಗಿ ಮೂರು ವರ್ಷಕ್ಕೆ ಲಕ್ವ ಹೊಡೆಯಿತು. ಕಾಲು ಹೇಗೋ ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿತು. ಬಲಗೈ ಮತ್ತು ಮಾತು ಮಾತ್ರ ಬರಲಿಲ್ಲ. ಮೊದಲು ಒಂದು ಬಾಯಿಗೆ ಹತ್ತು ಮಾತಾಡುತ್ತಿದ್ದ ಮನುಷ್ಯ ಅವರು. ಸಿಟ್ಟು, ನಗು, ಹಸಿವು ಎಲ್ಲಕ್ಕೂ ಈಗ ಅವರ ಬಾಯಿಂದ ಬರುತ್ತಿದ್ದುದು "ಅದ್... ಅದ್..." ಎನ್ನುವ ಒಂದೇ ಸದ್ದು. ಯಾವ ಸದ್ದಿಗೆ ಏನರ್ಥ ಎಂದು ಅಕ್ಕನಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ನಾನು ತಿಂಗಳಿಗೊಮ್ಮೆ ಹೋಗುವವಳು, ಅಂದಾಜಿನಲ್ಲಿ ತಲೆಯಾಡಿಸುತ್ತಿದ್ದೆ.

ಫಿಸಿಯೋಥೆರಪಿಯವರು ಬಲಗೈಗೆ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು, ದಿನಾ ಹಿಸುಕಬೇಕು ಎಂದು. ಭಾವ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಕಾಂಪೌಂಡಿನ ಆಚೆ ಎಸೆದರು. ಎರಡನೆಯ ಚೆಂಡಿಗೂ ಅದೇ ಗತಿಯಾಯಿತು. ಆಮೇಲೆ ಒಂದು ದಿನ ಅಕ್ಕ ಫೋನಿನಲ್ಲಿ, "ನಿಮ್ ಭಾವ ಹಿಂದ್ಗಡೆ ಬಚ್ಚಲ ನೀರು ಹೋಗೋ ಜಾಗ್ದಲ್ಲಿ ಅದೇನೋ ಹುಲ್ಲು ನೆಡ್ತಿದಾರೆ ಕಣೇ. ದಿನಕ್ಕೊಂದು ಕಡ್ಡಿ. ಬಲಗೈಲೇ ನೆಡ್ತಾರೆ. ಬೆರಳು ಸ್ವಲ್ಪ ಮಡಚೋಕೆ ಬರ್ತಿದೆ" ಅಂದಳು. ನಾನು ಆಗ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕುಕ್ಕರ್ ತಿಕ್ಕುತ್ತಿದ್ದೆ. ಬೆರಳು ಮಡಚುವ ಸುದ್ದಿ ಕಿವಿಗೆ ಬಿತ್ತು, ಹುಲ್ಲಿನ ಸುದ್ದಿ ನಲ್ಲಿ ನೀರಿನ ಜೊತೆ ಹೋಯಿತು.

ಒಂದು ವರ್ಷಕ್ಕೂ ಮೇಲೆ ಅವರು ಹಾಗೆ ನೆಟ್ಟಿದ್ದರಂತೆ. ಬಚ್ಚಲ ಗೋಡೆಯ ಹಿಂದೆ, ನೀರು ಹೊರಗೆ ಬೀಳುವಲ್ಲಿ, ಎರಡು ಚಾಪೆ ಹಾಸುವಷ್ಟು ಜಾಗ ಯಾವಾಗಲೂ ಒದ್ದೆಯಾಗಿರುತ್ತದೆ. ಅಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು, ಬಲಗೈಯ ತೋರುಬೆರಳನ್ನು ಕೆಸರಿಗೆ ಚುಚ್ಚಿ ತೂತು ಮಾಡಿ, ಬೇರಿರುವ ಒಂದು ತುಂಡನ್ನು ಅದರಲ್ಲಿಟ್ಟು, ಅದೇ ಕೈಯ ಹೆಬ್ಬೆರಳಿನಿಂದ ಮಣ್ಣು ಒತ್ತುವುದು. ಒಂದು ಕಡ್ಡಿಗೆ ಅರ್ಧ ಗಂಟೆ ಹಿಡಿಯುತ್ತಿತ್ತಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ತಿಳಿದು ಪ್ರಯೋಜನವಿಲ್ಲದ ಹೊತ್ತಿಗೆ. ನಾನು ಹೋದಾಗಲೆಲ್ಲ ಅವರು ಹಿತ್ತಲಲ್ಲಿ ಕೂತಿರುವುದು ಕಂಡಿತ್ತು. ಬಿಸಿಲು ಕಾಯಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಆ ವರ್ಷ ದೀಪಾವಳಿಗೆ ನೀರು ತುಂಬುವ ಹಬ್ಬದ ಬೆಳಿಗ್ಗೆಯೇ ನಾನು ಶಿವಮೊಗ್ಗದ ಗೋಪಾಳದ ನಮ್ಮ ಮನೆಯಿಂದ ಹೊರಟು ಜನ್ನಾಪುರಕ್ಕೆ ಹೋದೆ. ಮಾರನೆಯ ದಿನದ ಎಣ್ಣೆಸ್ನಾನಕ್ಕೆ ಹಿಂದಿನ ಸಂಜೆಯೇ ಹಂಡೆಗೆ ನೀರು ತುಂಬಿ ಪೂಜೆ ಮಾಡುವ ಹಬ್ಬ ಅದು. ಮನೆಯಲ್ಲಿ ಗೀಸರ್ ಇದ್ದರೂ ಅಕ್ಕ ತಾಮ್ರದ ಹಂಡೆಯನ್ನು ಬಿಟ್ಟಿಲ್ಲ. ಅವತ್ತು ಹಂಡೆ ಫಳಫಳ ಹೊಳೆಯಬೇಕು, ಬಚ್ಚಲ ಮೂಲೆಯಲ್ಲಿ ಒಂದು ಕೂದಲೂ ಇರಬಾರದು. ನನ್ನಂಥವಳಿಗೆ ವರ್ಷದಲ್ಲಿ ಇದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ.

ನಾನು ಹೋಗುವ ಹೊತ್ತಿಗೆ ಅಕ್ಕನ ಮನೆಯ ಕೆಲಸದಾಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ತಮಿಳು ಮನೆಮಾತಿನ ಹೆಂಗಸು, ವಯಸ್ಸು ಐವತ್ತರ ಆಸುಪಾಸು. ಗಂಡ ಭಾವನ ಜೊತೆಯಲ್ಲೇ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ವರ್ಷಗಳಾಗಿವೆ. ಏಳು ವರ್ಷದಿಂದ ಆಕೆ ಎರಡು ಹೊತ್ತು ಬಂದು ಪಾತ್ರೆ ತೊಳೆದು, ನೆಲ ಒರೆಸಿ ಹೋಗುತ್ತಿದ್ದರು. ಹಂಡೆ ಮುಗಿಸಿ, ಬಚ್ಚಲು ತೊಳೆದು, ಸಂಜೆ ಬರ್ತೀನಿ ಎಂದು ಹೇಳಿ ಮನೆಗೆ ಹೋದರು. ಅಕ್ಕ ಹೂವು ಹಣ್ಣು ತರಲು ಮಾರ್ಕೆಟ್ಟಿಗೆ ಹೊರಟಳು. ಹೋಗುವಾಗ, "ನೀನು ಸುಮ್ನೆ ಕೂತ್ಕೋ, ಎಲ್ಲಾ ಕ್ಲೀನ್ ಆಗಿದೆ" ಅಂದಳು. ನಾನು ಸುಮ್ಮನೆ ಕೂರುವವಳಲ್ಲ ಎಂದು ಅವಳಿಗೆ ಗೊತ್ತಿರಬೇಕಿತ್ತು.

ಬಚ್ಚಲಿನ ಒಳಗೆ ನಿಜವಾಗಿಯೂ ಏನೂ ಉಳಿದಿರಲಿಲ್ಲ. ಆದ್ದರಿಂದ ನಾನು ಹೊರಗೆ ಹೋಗಿ ನೋಡಿದೆ. ಬಚ್ಚಲ ನೀರು ಬೀಳುವಲ್ಲಿ ಗೇಣುದ್ದದ ಹುಲ್ಲು ದಟ್ಟವಾಗಿ ಹಬ್ಬಿತ್ತು. ಒಂದು ಕಡ್ಡಿ ಕಿತ್ತು ಬೆರಳಲ್ಲಿ ಹೊರಳಿಸಿದೆ, ಮೂರು ಮೂಲೆ ಕೈಗೆ ಸಿಕ್ಕಿತು. ಮೂರು ಮೂಲೆಯ ಕಡ್ಡಿ ಎಂದರೆ ಕೊನ್ನಾರಿ, ಕೊನ್ನಾರಿ ಎಂದರೆ ಕಳೆ, ಗಡ್ಡೆ ಸಮೇತ ತೆಗೆಯದಿದ್ದರೆ ಇಡೀ ಹಿತ್ತಲನ್ನು ನುಂಗುತ್ತದೆ. ಚಿಕ್ಕಂದಿನಿಂದ ಕೇಳಿದ ಪಾಠ. ಎಲೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಗುಂಡು ಹೂವು, ಅಂಗಿಯ ಗುಂಡಿಯಷ್ಟು ದೊಡ್ಡವು, ಇದ್ದವು. ಕೊನ್ನಾರಿಯ ಹೂವು ಕಂದು ಬಣ್ಣದ ತೆನೆ, ಹೀಗೆ ಬೆಳ್ಳಗೆ ದುಂಡಗೆ ಇರುವುದಿಲ್ಲ. ಅದನ್ನು ಯೋಚಿಸಲು ಒಂದು ಕ್ಷಣ ಸಾಕಿತ್ತು. ನನಗೆ ಆ ಕ್ಷಣ ಇರಲಿಲ್ಲ. ಸೀರೆ ಎತ್ತಿ ಕಟ್ಟಿ ಕುಡುಗೋಲು ತೆಗೆದುಕೊಂಡು ಕೂತುಬಿಟ್ಟೆ.

ಭಾವ ಹಿಂದಿನ ಜಗಲಿಯ ಕುರ್ಚಿಯಲ್ಲಿದ್ದರು. ನಾನು ಮೊದಲ ಹಿಡಿ ಕೀಳುತ್ತಿದ್ದಂತೆ "ಅದ್... ಅದ್..." ಎಂದು ಶುರು ಮಾಡಿದರು. "ಇರಿ ಭಾವ, ಕೈ ಕೆಸರಾಗಿದೆ, ಈಗ ಬಂದೆ" ಅಂದೆ. ಅವರ ದನಿ ಏರಿತು. ಕೋಲನ್ನು ನೆಲಕ್ಕೆ ಬಡಿದರು. ನಾನು ಕೈ ತೊಳೆದುಕೊಂಡು ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟೆ. ಅವರು ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು, ಲೋಟ ಮುಟ್ಟಲಿಲ್ಲ. ಸಕ್ಕರೆ ಕಡಿಮೆಯಾಯಿತೇನೋ ಎಂದು ಇನ್ನೊಂದು ಚಮಚ ಹಾಕಿ, ಕಲಕಿ, ಮುಂದಿಟ್ಟು ಮತ್ತೆ ಹೋಗಿ ಕೀಳಲು ಕೂತೆ. ಅವರು ಕುರ್ಚಿಯಿಂದ ಏಳಲು ನೋಡಿದರು, ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸದ್ದು ನಿಂತಿತು. ಕಾಫಿ ಕುಡಿದರು ಅಂದುಕೊಂಡು ನಾನು ಹಿಂತಿರುಗಿಯೂ ನೋಡಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ಜಾಗ ಬೋಳಾಯಿತು. ಕಿತ್ತದ್ದನ್ನೆಲ್ಲ ಹಳೆಯ ಅಕ್ಕಿ ಚೀಲಕ್ಕೆ ತುಂಬಿದೆ. ಅಷ್ಟರಲ್ಲಿ ಕಸದ ಗಾಡಿ ಬಂತು, ಚೀಲ ಅದಕ್ಕೆ ಹೋಯಿತು. ವಾಪಸ್ ಬಂದು ನೋಡಿದರೆ ಭಾವನ ಕಾಫಿ ಕೆನೆಗಟ್ಟಿ ಹಾಗೇ ಇತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಚ್ಚಲ ಬಾಗಿಲಿಗೆ ರಂಗೋಲಿ ಹಾಕಿ, ಉಳಿದ ನೀರು ಚೆಲ್ಲಲು ಹಿಂದಕ್ಕೆ ಹೋದಳು. ಹೋದವಳು ಚೊಂಬು ಹಿಡಿದುಕೊಂಡೇ ಓಡಿ ಬಂದಳು. ಅದೇ ಹೊತ್ತಿಗೆ ಕೆಲಸದಾಕೆ ಪಾತ್ರೆ ತೊಳೆಯಲು ಬಂದು ನಡುಮನೆಯ ಬಾಗಿಲಲ್ಲಿ ನಿಂತಿದ್ದರು. ಅಕ್ಕನಿಗೆ ಬೇರೆ ಯಾರ ಮೇಲೂ ಅನುಮಾನ ಬರಲಿಲ್ಲ. ಮನೆಗೆ ಬಂದ ತಂಗಿ ಹಬ್ಬದ ದಿನ ಕೆಸರಿಗಿಳಿದು ಹುಲ್ಲು ಕೀಳುತ್ತಾಳೆ ಎಂದು ಯಾರು ತಾನೆ ಯೋಚಿಸುತ್ತಾರೆ?

"ಬಚ್ಚಲು ತೊಳಿ ಅಂದ್ರೆ ಹಿಂದಿಂದೆಲ್ಲಾ ಬುಡ ಸಮೇತ ಕಿತ್ತು ಹಾಕೋದಾ? ಅವ್ರು ಒಂದು ವರ್ಷದಿಂದ ನೆಟ್ಟಿದ್ದು ಅದು. ಅವ್ರ ಕೈ ಬಂದಿದ್ದೇ ಅದ್ರಿಂದ. ಕಣ್ಣು ಕಾಣಲ್ವಾ ನಿನಗೆ?" ಅಂದಳು.

"ನಾನು ಕಿತ್ತಿಲ್ಲಮ್ಮ."

"ನೀನಲ್ದೆ ಮತ್ಯಾರು? ಬೆಳಿಗ್ಗೆ ಹಿಂದ್ಗಡೆ ಇದ್ದಿದ್ದು ನೀನೊಬ್ಳೇ. ಮಾಡೋದು ಮಾಡಿ ಸುಳ್ಳು ಬೇರೆ."

ಆಗ ನನಗೆ ತಿಳಿಯಿತು, ಅದು ಏನು ಹುಲ್ಲು ಎಂದು. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ ಫೋನು ನೆನಪಾಯಿತು. ನಾನು ಕೆಲಸದಾಕೆಯ ಹಿಂದೆ, ಎರಡು ಹೆಜ್ಜೆ ದೂರದಲ್ಲಿ, ಒಂದು ಲೋಟ ಹಿಡಿದು ನಿಂತಿದ್ದೆ. ಭಾವ ಎದುರಿನ ಮಂಚದ ಮೇಲೆ ಕೂತಿದ್ದವರು "ಅದ್... ಅದ್..." ಎಂದು ಕೂಗುತ್ತ ಎಡಗೈ ಎತ್ತಿ ಬಾಗಿಲ ಕಡೆ ಬೆರಳು ತೋರಿಸಿದರು.

"ನೋಡು, ಅವ್ರೇ ತೋರಿಸ್ತಿದಾರೆ. ಬಾಯಿಲ್ದೋರು ಸುಳ್ಳು ಹೇಳ್ತಾರಾ?" ಅಂದಳು ಅಕ್ಕ.

ನಾನು ಒಂದು ಹೆಜ್ಜೆ ಎಡಕ್ಕೆ ಸರಿದೆ. ಭಾವನ ಬೆರಳೂ ನನ್ನ ಜೊತೆಗೇ ಸರಿಯಿತು. ಅಕ್ಕ ಕೆಲಸದಾಕೆಯ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ಅದು ಕಾಣಲಿಲ್ಲ. ನಾನು ಅಡುಗೆಮನೆಗೆ ಹೋದೆ. ಲೋಟವನ್ನು ತೊಳೆದೆ. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದೆ. ಹೊರಗೆ ಅಕ್ಕನ ದನಿ, ಆಕೆಯ ಸಣ್ಣ ದನಿ, ಮತ್ತೆ ಅಕ್ಕನ ದನಿ ಕೇಳಿಸುತ್ತಿತ್ತು. ನಾನು ಹೊರಗೆ ಬಂದಾಗ ಆಕೆ ಇರಲಿಲ್ಲ. "ಇನ್ನು ಬರಲ್ಲ ಅಂತ ಹೇಳಿ ಹೋದ್ಲು. ಹೋಗ್ಲಿ ಬಿಡು, ತಪ್ಪು ಮಾಡಿ ಅಷ್ಟು ಧಿಮಾಕು" ಎಂದು ಅಕ್ಕ ಹೇಳಿದಳು. ನಾನು ಹ್ಞೂಂ ಅಂದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಹೊತ್ತಿನಲ್ಲಿ ನನಗೆ ಮೊದಲು ಅನ್ನಿಸಿದ್ದು ಅಯ್ಯೋ ಪಾಪ ಎಂದಲ್ಲ, ಸದ್ಯ ಬಚಾವಾದೆ ಎಂದು.

ಬಸ್ಸಿನಲ್ಲಿ ವಾಪಸ್ ಬರುವಾಗ ನಾಳೆ ಫೋನ್ ಮಾಡಿ ಹೇಳಿಬಿಡೋಣ ಎಂದು ನಿರ್ಧರಿಸಿದೆ. ನಾಳೆ ಹಬ್ಬ. ನಾಡಿದ್ದು ಅಮಾವಾಸ್ಯೆ, ಅದರ ಮಾರನೆಯ ದಿನ ಬಲಿಪಾಡ್ಯಮಿ. ಹಬ್ಬದಲ್ಲಿ ಯಾಕೆ ಮನಸ್ಸು ಕೆಡಿಸುವುದು? ಹಬ್ಬ ಮುಗಿದ ಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಒಂದು ವಾರ ಸುಮ್ಮನಿದ್ದವಳಿಗೆ ಎರಡನೆಯ ವಾರ ಇನ್ನೂ ಕಷ್ಟ. ಅಕ್ಕ ಫೋನಿನಲ್ಲಿ ಸೊಂಟ ನೋವು, ಪಾತ್ರೆ ತೊಳೆಯೋಕೆ ಆಗ್ತಿಲ್ಲ ಎನ್ನುತ್ತಿದ್ದಳು. "ಬೇರೆ ಯಾರನ್ನಾದ್ರೂ ನೋಡು" ಎನ್ನುತ್ತಿದ್ದೆ ನಾನು. ಭಾವ ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟರು, ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ದಿನವಿಡೀ ಟಿವಿ ಮುಂದೆ ಇರುತ್ತಾರೆ ಅಂದಳು. ಮಡಚಲು ಬರುತ್ತಿದ್ದ ಬೆರಳುಗಳು ಮತ್ತೆ ಸೆಟೆದುಕೊಂಡವು ಅಂದಳು. ನಾನು ಭೇಟಿಗೆ ಹೋದರೆ ಅವರು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. "ಈಗೀಗ ಎಲ್ರ ಹತ್ರನೂ ಹಿಂಗೇ" ಎಂದು ಅಕ್ಕ ಸಮಾಧಾನ ಹೇಳುತ್ತಿದ್ದಳು. ಎಲ್ಲರ ಹತ್ತಿರ ಹಾಗಿರಲಿಲ್ಲ. ಪಕ್ಕದ ಮನೆಯವರು ಬಂದಾಗ ಅವರು ನಕ್ಕಿದ್ದನ್ನು ನಾನೇ ಕಂಡಿದ್ದೆ.

ಬಾಯಿ ಬಿಡಲು ಧೈರ್ಯವಿಲ್ಲದವಳು ಒಂದು ಉಪಾಯ ಹುಡುಕಿದೆ. ಅದೇ ಹುಲ್ಲನ್ನು ಬೆಳೆಸಿ ತೆಗೆದುಕೊಂಡು ಹೋಗುವುದು. ಗಿಡ ಕೈಯಲ್ಲಿದ್ದರೆ ಮಾತು ತಾನಾಗಿ ಬರುತ್ತದೆ ಎಂದು ನನ್ನ ಲೆಕ್ಕಾಚಾರ. ಗೋಪಾಳದ ನಮ್ಮ ಮನೆಯ ಹಿಂದೆ ವಾಷಿಂಗ್ ಮೆಷಿನ್ ನೀರು ಬೀಳುವ ಜಾಗ ಒದ್ದೆಯಾಗಿರುತ್ತದೆ. ಖಾಲಿ ಸೈಟಿನಿಂದ ಮೂರು ಮೂಲೆಯ ಹುಲ್ಲು ತಂದು ಅಲ್ಲಿ ನೆಟ್ಟೆ. ಒಂದು ತಿಂಗಳು ನೋಡಿಕೊಂಡೆ. ಹೂ ಬಿಟ್ಟಿತು, ಕಂದು ಬಣ್ಣದ ತೆನೆ. ಅಗೆದು ನೋಡಿದರೆ ಕಡಲೆಕಾಳಿನಂಥ ಕಪ್ಪು ಗಡ್ಡೆಗಳು. ಕಳೆ ಎಂದು ತಿಳಿದು ಹೂವಿನ ಹುಲ್ಲನ್ನು ಕಿತ್ತವಳು ಈ ಸಲ ಕೊನ್ನಾರಿಯನ್ನು ಹೂವಿನ ಹುಲ್ಲೆಂದು ಸಾಕಿದ್ದೆ. ಅದನ್ನು ತೆಗೆಯಲು ಇವತ್ತಿಗೂ ಒದ್ದಾಡುತ್ತಿದ್ದೇನೆ.

ಲ್ಯಾಬಿಗೆ ಬರುವ ಒಬ್ಬರು ಸಸ್ಯಶಾಸ್ತ್ರದ ಮೇಷ್ಟ್ರು, ಸಕ್ಕರೆ ಪರೀಕ್ಷೆಗೆ ತಿಂಗಳಿಗೊಮ್ಮೆ ಬರುವವರು, ಅವರನ್ನು ಕೇಳಿದೆ. ಬಿಳಿ ಗುಂಡು ಹೂವು, ಹೂವಿನ ಕೆಳಗೆ ಮೂರು ಉದ್ದ ಎಲೆ ಹರಡಿಕೊಂಡಿರುತ್ತವೆ ಎಂದು ವಿವರಿಸಿದೆ. "ಅದೂ ಕೊನ್ನಾರಿ ಥರ ಜೇಕಿನ ಜಾತಿನೇ. ನಮ್ ಕಡೆ ಅನಂತಗೊಂಡೆ ಅಂತಾರೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆಯೋದು, ಏನೂ ತೊಂದ್ರೆ ಮಾಡಲ್ಲ. ಗಡ್ಡೆ ಇರಲ್ಲ, ನೆಲದಲ್ಲಿ ಹರಿಯೋ ಬೇರು ಇರುತ್ತೆ. ಮುರಿದು ಮೂಸಿ ನೋಡಿ, ಪರಿಮಳ ಬರುತ್ತೆ" ಅಂದರು. ಒಂದು ಭಾನುವಾರ ನೀರಾವರಿ ಚಾನೆಲ್ಲಿನ ಏರಿಯ ಕೆಳಗೆ, ನೀರು ಜಿನುಗುವ ಕಡೆ, ಹುಡುಕಿಕೊಂಡು ಹೋದೆ. ಬಿಳಿ ಗುಂಡಿಯಂಥ ಹೂಗಳು ಕಂಡವು. ಒಂದು ಬೇರು ಮುರಿದು ಮೂಸಿದೆ. ಜನ್ನಾಪುರದಲ್ಲಿ ಅವತ್ತು ಮುಕ್ಕಾಲು ಗಂಟೆ ನನ್ನ ಕೈಗೆ ಮೆತ್ತಿಕೊಂಡಿದ್ದ ವಾಸನೆ ಅದೇ. ಅಲ್ಲೇ ಏರಿಯ ಮೇಲೆ ಕೂತು ಅತ್ತೆ. ಹೋಗಿಬರುವವರು ನೋಡಿದರು, ನೋಡಲಿ ಎಂದು ಬಿಟ್ಟೆ.

ತಂದು ನೆಟ್ಟ ಮೊದಲ ಕಂತು ವಾಷಿಂಗ್ ಮೆಷಿನ್ನಿನ ನೀರಿಗೆ ಸುಟ್ಟುಹೋಯಿತು. ಮೈತೊಳೆದ ನೀರನ್ನು ತಡೆದುಕೊಂಡರೂ ಬಟ್ಟೆಯ ಪೌಡರ್ ನೀರನ್ನು ಅದು ತಡೆಯಲಿಲ್ಲ, ತುದಿಯಿಂದ ಒಣಗಿಕೊಂಡು ಬಂತು. ಎರಡನೆಯ ಸಲ ಒಡೆದ ಪ್ಲಾಸ್ಟಿಕ್ ಟಬ್ಬಿಗೆ ಕೆರೆಗೋಡು ಮಣ್ಣು ಮತ್ತು ಸ್ವಲ್ಪ ಮರಳು ತುಂಬಿ, ಬೇರನ್ನು ಎರಡೆರಡು ಗಣ್ಣು ಇರುವಂತೆ ಕತ್ತರಿಸಿ ಮೇಲುಮೇಲಕ್ಕೆ ನೆಟ್ಟೆ. ಟಬ್ಬಿನ ಕೆಳಗೆ ನೀರು ನಿಲ್ಲುವ ತಟ್ಟೆ ಇಟ್ಟೆ. ನೆರಳಲ್ಲಿಟ್ಟಾಗ ಎಲೆ ಬಂತು, ಹೂ ಬರಲಿಲ್ಲ. ಬೆಳಗಿನ ಬಿಸಿಲು ಬೀಳುವಲ್ಲಿಗೆ ಎಳೆದೆ. ಬೇಸಿಗೆಯಲ್ಲಿ ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುವಾಗಲೂ ಅಕ್ಕಿ ತೊಳೆದ ನೀರನ್ನು ಅದಕ್ಕೇ ಮೀಸಲಿಟ್ಟೆ. ನನ್ನ ಗಂಡ ನೋಡಿ ನೋಡಿ, "ಏನೇ ಮಾರಾಯ್ತಿ, ಊರಲ್ಲಿ ಎಲ್ರೂ ಹುಲ್ಲು ಕೀಳ್ತಾರೆ, ನೀನು ಟಬ್ಬಲ್ಲಿಟ್ಟು ಸಾಕ್ತಿದೀಯ. ಹಸು ಏನಾದ್ರೂ ತರ್ತೀಯಾ?" ಎಂದು ಕಿಚಾಯಿಸಿದರು. ಅವರಿಗೂ ನಾನು ಹೇಳಿರಲಿಲ್ಲ.

ದಿನಾ ಬೆಳಿಗ್ಗೆ ಮಣ್ಣನ್ನು ಬೆರಳಿನಿಂದ ಒತ್ತಿ ಒದ್ದೆ ಇದೆಯೇ ನೋಡುತ್ತಿದ್ದೆ. ಆ ಐದು ನಿಮಿಷ ನಾನು ಒಳ್ಳೆಯವಳು ಅನ್ನಿಸುತ್ತಿತ್ತು. ಅದೇ ನನ್ನ ಮೋಸ. ನಾಲಿಗೆಯಿಂದ ಒಂದು ನಿಮಿಷದಲ್ಲಿ ಮಾಡಬೇಕಾದ ಕೆಲಸವನ್ನು ನಾನು ಕೈಯಿಂದ ತಿಂಗಳುಗಟ್ಟಲೆ ಮಾಡುತ್ತಿದ್ದೆ. ಟಬ್ಬು ತುಂಬಲಿ, ಹೂವು ಬರಲಿ, ಮಳೆ ಹಿಡಿಯಲಿ ಎಂದು ದಿನ ದೂಡಿದೆ. ಭದ್ರಾವತಿಯಲ್ಲಿ ಒಬ್ಬ ಹೆಂಗಸು ಸುಳ್ಳಿ ಅನ್ನಿಸಿಕೊಂಡು ಕೂತಿದ್ದಾರೆ ಎನ್ನುವುದು ಆ ಟಬ್ಬಿಗೆ ನೀರು ಹಾಕಿದರೆ ಕಡಿಮೆಯಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆಷಾಢದ ಮಳೆಗೆ ಟಬ್ಬಿನ ತುಂಬ ಬಿಳಿ ಗುಂಡಿಗಳು ಬಂದವು. ಇನ್ನು ಯಾವ ನೆಪವೂ ಉಳಿಯಲಿಲ್ಲ. ಒಂದು ಭಾನುವಾರ ಟಬ್ಬನ್ನು ಎತ್ತಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ "ಏನಮ್ಮ, ಭತ್ತದ ಸಸಿನಾ?" ಎಂದು ಕೇಳಿದ. ಹೌದು ಅಂದೆ. ಬಾಯಿಗೆ ಸುಳ್ಳು ಅಷ್ಟು ಅಭ್ಯಾಸವಾಗಿತ್ತು.

ಅಕ್ಕ ಬಾಗಿಲು ತೆಗೆದು ಟಬ್ಬು ನೋಡಿ ಅರಳಿದಳು. "ಅಯ್ಯೋ, ಅದೇ ಅಲ್ವೇನೇ ಇದು? ಅವ್ರಿಗೋಸ್ಕರ ತಂದ್ಯಾ? ಎಷ್ಟು ನೆನಪಿಟ್ಕೊಂಡಿದೀಯ" ಅಂದಳು. ಆ ಹೊಗಳಿಕೆ ತೆಗೆದುಕೊಂಡು ಒಳಗೆ ಹೋಗಿಬಿಡಬಹುದಿತ್ತು. ಹೋಗಲು ಮನಸ್ಸೂ ಬಂತು. ನಡುಮನೆಯಲ್ಲಿ ಭಾವ ನನ್ನನ್ನು ಕಂಡು ಗೋಡೆ ಕಡೆ ತಿರುಗಿದರು. ನಾನು ಅವರ ಬೆನ್ನಿಗೇ ಹೇಳಿದೆ.

"ಅವತ್ತು ಕಿತ್ತಿದ್ದು ನಾನು. ಭಾವ ನೋಡಿದಾರೆ. ಅವ್ರು ಬೆರಳು ತೋರಿಸಿದ್ದು ನನ್ನ ಕಡೆ."

ಅಕ್ಕ ಅರ್ಥವಾಗದೆ ನಿಂತಳು. ಇನ್ನೊಮ್ಮೆ ಹೇಳಿದೆ, ಕಾಫಿಯ ವಿಷಯವನ್ನೂ, ಕಸದ ಗಾಡಿಯ ವಿಷಯವನ್ನೂ ಸೇರಿಸಿ. ಭಾವ ನಿಧಾನವಾಗಿ ಈ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. ಎಡಗೈ ಎತ್ತಿ ಬಾಗಿಲ ಕಡೆ, ಗೇಟಿನ ಕಡೆ ತೋರಿಸಿದರು. ನನ್ನನ್ನು ಹೊರಗೆ ಹೋಗು ಅಂತಿದ್ದಾರೆ ಎಂದುಕೊಂಡೆ. ಅಕ್ಕನಿಗೆ ಅವರ ಸನ್ನೆ ತಿಳಿಯುತ್ತದೆ.

"ಅವಳನ್ನ ಕರ್ಕೊಂಡು ಬಾ ಅಂತಿದಾರೆ" ಅಂದಳು. ಆಮೇಲೆ ನನ್ನ ಮುಖ ನೋಡದೆ, "ಎಂಟು ತಿಂಗಳು ಕಣೇ. ನಾನು ಬೀದಿಲಿ ಎದ್ರು ಬದ್ರು ಸಿಕ್ಕಾಗ ಅವಳಿಗೆ ಮುಖ ತಿರುಗಿಸ್ಕೊಂಡು ಹೋಗಿದೀನಿ. ನಡಿ, ನೀನೂ ನಡಿ" ಎಂದು ಚಪ್ಪಲಿ ಮೆಟ್ಟಿದಳು. ನಾನು ಟಬ್ಬನ್ನು ಕೆಳಗಿಡಲೂ ಮರೆತು ಹಿಂದೆ ಹೊರಟೆ.

ಆಕೆಯ ಮನೆ ಇಪ್ಪತ್ತು ನಿಮಿಷದ ದಾರಿ. ಶೀಟಿನ ಸಣ್ಣ ಮನೆ, ಮುಂದೆ ನಾಲ್ಕು ಮನೆಗೆ ಸೇರಿದ ಒಂದು ನಲ್ಲಿ. ನಲ್ಲಿಯ ಸುತ್ತ ನೀರು ನಿಂತಲ್ಲೆಲ್ಲ ಬಿಳಿ ಗುಂಡಿಗಳು, ನನ್ನ ಟಬ್ಬಿನಲ್ಲಿದ್ದವೇ. ಅವುಗಳನ್ನು ನೋಡುತ್ತ ನಾನು ಅಲ್ಲೇ ನಿಂತೆ. ಆಕೆ ಹೊರಗೆ ಬಂದರು. ಅಕ್ಕ ಬಾಯಿ ಬಿಡುವ ಮೊದಲೇ ನಾನು, "ಕಿತ್ತಿದ್ದು ನಾನು. ನಿಮ್ಮ ಮೇಲೆ ಬಂದಾಗ ಸುಮ್ನಿದ್ದೆ. ತಪ್ಪಾಯ್ತು" ಅಂದೆ. ಆಕೆ ತಲೆಯಾಡಿಸಿದರು, ಹವಾಮಾನದ ಸುದ್ದಿ ಕೇಳಿದವರ ಹಾಗೆ. ಒಳಗೆ ಕರೆದು ಪ್ಲಾಸ್ಟಿಕ್ ಕುರ್ಚಿ ಹಾಕಿ ಇಬ್ಬರಿಗೂ ಟೀ ಕೊಟ್ಟರು.

ಅಕ್ಕ ನಲ್ಲಿಯ ಕಡೆ ಕೈ ತೋರಿಸಿ ಕೇಳಿದಳು. "ಅವ್ರಿಗೆ ಇದನ್ನ ತಂದುಕೊಟ್ಟಿದ್ದು ನೀನಾ?"

"ಹೌದಮ್ಮ. ಸಾರ್ ಚೆಂಡು ಎಸೀತಿದ್ರಲ್ಲ. ನಮ್ಮನೆಯವ್ರಿಗೂ ಕೊನೇಲಿ ಕೈ ಬರ್ತಿರ್ಲಿಲ್ಲ, ಸುಮ್ನೆ ಕೂರ್ಸಿದ್ರೆ ಕೋಪ ಬರೋದು, ಇಲ್ಲೇ ಇದನ್ನ ಕಿತ್ತು ನೆಡಿಸ್ತಿದ್ದೆ. ಅದಕ್ಕೆ ಸಾರ್‌ಗೂ ಒಂದು ಹಿಡಿ ತಂದೆ. ನಮ್ ಕಡೆ ಇದಕ್ಕೆ ಕೋರೆ ಅಂತೀವಿ."

"ಅವತ್ತೇ ಹೇಳೋದಲ್ವಾ, ನಾನೇ ತಂದುಕೊಟ್ಟಿದ್ದು, ನಾನ್ಯಾಕೆ ಕೀಳ್ಲಿ ಅಂತ?"

"ಹೇಳೋಕೆ ಬಿಟ್ರಾ ಅಮ್ಮ?"

ಅಕ್ಕ ಮತ್ತೆ ಕೆಲಸಕ್ಕೆ ಬಾ ಎಂದು ಕರೆದಳು. ಆ ಹೊತ್ತಿಗೆ ಬೇರೆ ಮನೆ ಹಿಡಿದಿದ್ದೀನಿ, ಬರೋಕಾಗಲ್ಲ ಎಂದು ಆಕೆ ಹೇಳಿದರು. ಆದರೆ ಸಾಯಂಕಾಲ ಸಾರ್ ಅವರನ್ನು ನೋಡಿಕೊಂಡು ಹೋಗುತ್ತೇನೆ ಅಂದರು. ನಾನು ಟಬ್ಬನ್ನು ಮುಂದಿಟ್ಟೆ. ಇದನ್ನು ನೀವೇ ಭಾವನಿಗೆ ಕೊಟ್ಟುಬಿಡಿ, ನಾನು ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲ, ತಿಂಗಳುಗಟ್ಟಲೆ ಬೆಳೆಸಿದ್ದೇನೆ ಎಂದೆಲ್ಲ ಹೇಳಿದೆ. ಆಕೆ ಬಗ್ಗಿ ಒಂದು ಹೂವನ್ನು ಮುಟ್ಟಿ ನೋಡಿದರು.

"ಚೆನ್ನಾಗಿ ಬೆಳೆಸಿದೀರಾ. ಇದನ್ನ ನೀವು ಮನೆಗೆ ತಗೊಂಡು ಹೋಗಿ. ಸಾರ್‌ಗೆ ನಾನು ಇಲ್ಲಿಂದ್ಲೇ ಕಿತ್ಕೊಂಡು ಹೋಗ್ತೀನಿ" ಅಂದರು.

ಅಕ್ಕ ಮುಂದೆ ಹೋಗಿ ರಸ್ತೆಯಲ್ಲಿ ನಿಂತಳು. ನಾನು ಟಬ್ಬು ಎತ್ತಿಕೊಂಡು ಹೊರಡುವಾಗ, ಕೇಳಬಾರದು ಎಂದುಕೊಂಡೇ ಕೇಳಿದೆ. ಕಿತ್ತವಳು ನಾನೇ ಎಂದು ಆಕೆಗೆ ಯಾವಾಗ ಗೊತ್ತಾಯಿತು ಎಂದು. ಆಕೆ ಟೀ ಲೋಟಗಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದರು. ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಾಯ್ತಮ್ಮ. ಸಾರ್ ಬೆರಳು ತಿರುಗಿದ್ದು ನಾನೂ ನೋಡ್ದೆ, ನೀವು ಒಳಗೆ ಹೋಗಿದ್ದೂ ನೋಡ್ದೆ. ಈಗ ಹೊರಗೆ ಬಂದು ಹೇಳ್ತಾರೆ ಅಂದ್ಕೊಂಡು ಗೇಟ್ ಹತ್ರ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಕತ್ತಲಾಯ್ತು, ಬಂದ್ಬಿಟ್ಟೆ."